ಬಟ್ಟಲು ಮರೆತವರಾರು?

‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಎರಡೂ ಸಾವಿಗೆ, ನೀರು ಬಾರದ ಕೆರೆಗೆ ಸೊಸೆಯನ್ನು ಬಲಿಕೊಟ್ಟ ಕಲ್ಲನಕೇರಿ ಮಲ್ಲನಗೌಡನೇ ಹೊಣೆ ಎಂದು ನಾನು ಹೇಳಿದ್ದಕ್ಕೆ ಕೊಟ್ಟೂರಿನ ಗೆಳೆಯರು ಮುನಿಸಿಕೊಂಡಿದ್ದಾರೆ. ಊರಿಗೆ ಕೆರೆ ಕಟ್ಟಿಸಿದ ಹಿರಿಯನನ್ನು ಕಟಕಟೆಗೆ ಎಳೆಯುವುದೇ ಎಂಬುದು ಅವರ ಸಿಟ್ಟು.

ತಪ್ಪೆಲ್ಲ ಬಲಿ ಬೇಕೆಂದು ಪಂಚಾಂಗ ತೆಗೆದು ಹೇಳಿದವನದು ಎನ್ನುತ್ತಾರೆ ಒಬ್ಬರು. ಹಾಗಾದರೆ ಹಿರಿಸೊಸೆ ಮಲ್ಲವ್ವ ಉಳಿದದ್ದು ಹೇಗೆ? ಹಾಡಿನಲ್ಲಿ ಮೊದಲು ಬರುವುದು ಅವಳ ಹೆಸರು. ಅವಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು ಲೆಕ್ಕ ಹಾಕಿ, ಗಂಡ ದಂಡಿಗೆ ಹೋಗಿದ್ದ ಕಿರಿಸೊಸೆ ಭಾಗೀರತಿಯನ್ನು ಆರಿಸಿದರು. ಆ ಲೆಕ್ಕ ಪಂಚಾಂಗದ್ದಲ್ಲ, ಮನೆಯದು. ನಮ್ಮ ಸೀಮೆಯಲ್ಲೇ ಇನ್ನೊಂದು ಸಾಕ್ಷಿಯಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಿಟ್ಟಂತೆ, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆ ಎರಡು ಮೂರು ಸಲ ಒಡೆಯಿತು. ದೇವರಿಗೆ ಬಲಿ ಬೇಕೆಂದು ಬ್ರಾಹ್ಮಣರು ಹೇಳಿದರು. 60 ಮನುಷ್ಯರ ತಲೆ ಕಡಿಸಿದ ಅಪ್ಪಣೆ ಮಾತ್ರ ಅರಸನದು.

ಆ ಕಾಲದ ನಂಬಿಕೆಯೇ ಹಾಗಿತ್ತು ಎಂಬುದು ಇನ್ನೊಬ್ಬರ ವಾದ. ನಂಬಿದವರು ಮುಚ್ಚಿಡುವುದೇಕೆ? ಕೆರೆಯ ಮೇಲೆ ಗಂಗಮ್ಮನ ಪೂಜೆ ಮಾಡಿ, ಉಂಡು, ಹೊರಟ ಮೇಲೆ ಬಂಗಾರದ ಬಟ್ಟಲು ಮರೆತು ಬಂದೆವೆಂಬ ನೆಪ ಹುಟ್ಟುತ್ತದೆ. ತರಲು ಹೋದದ್ದು ಕಿರಿಸೊಸೆ. ಒಂದೊಂದು ಮೆಟ್ಟಿಲು ಹತ್ತಿದಂತೆ ನೀರೂ ಏರುತ್ತದೆ. ದೇವರ ಕೆಲಸವೆಂಬ ಧೈರ್ಯವಿದ್ದವರು ಎಲ್ಲರೆದುರೇ ಹೇಳಿ ಕೊಡುತ್ತಿದ್ದರು. ಮಾಡುತ್ತಿರುವುದು ಏನೆಂದು ಗೊತ್ತಿದ್ದವರಿಗೇ ಬಟ್ಟಲಿನ ನೆಪ ಬೇಕಾದದ್ದು.

ಅವಳು ಒಪ್ಪಿಯೇ ಹೋದಳು, ಅದು ತ್ಯಾಗ ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಒಪ್ಪಿದವಳು ತವರಿಗೆ ಓಡುತ್ತಾಳೆಯೇ? ಅಪ್ಪನ ಮುಂದೆ ನಿಜ ಹೇಳಲಾರದೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ನಾನು ಕೊಡುತ್ತೇನೆ ಎಂದು ಅವನು ಸಮಾಧಾನ ಮಾಡುತ್ತಾನೆ. ಮರಳಿ ಬಂದು ಬೇಳೆ ಆರಿಸುವಾಗ ಕಣ್ಣೀರು. ಕೇಳಿದರೆ ಬೇಳೆಯ ಹರಳು ಸಿಡಿದು ಕಣ್ಣಿಗೆ ಬಿತ್ತಂತೆ. ಅತ್ತದ್ದನ್ನೂ ಮುಚ್ಚಿಕೊಳ್ಳಬೇಕಾದ ಮನೆಯಲ್ಲಿ ಒಪ್ಪಿಗೆ ಎಲ್ಲಿಂದ ಬರಬೇಕು?

ಗೆಳತಿಯ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಭಾಗೀರತಿ ನಿಜ ಹೇಳಿದ್ದು ಅವಳೊಬ್ಬಳಿಗೇ. ಕೊಟ್ಟರೆ ಕೊಡಲಿ, ಅವರು ಇಟ್ಟಂತೆ ಇರಬೇಕು ಎಂಬಂಥ ಉತ್ತರ ಸಿಕ್ಕಿತು. ಅವಳ ಮೇಲೆ ನನಗೂ ಮುನಿಸಿದೆ. ಆದರೆ ಪರಮನೆಯ ಹೆಣ್ಣಿನ ಮಾತು ಗೌಡರ ಪಡಸಾಲೆಯಲ್ಲಿ ನಡೆಯುತ್ತಿತ್ತೇ, ನಮ್ಮೂರುಗಳಲ್ಲಿ ಹುಟ್ಟಿ ಬೆಳೆದವರೇ ಹೇಳಲಿ.

ಕೆರೆಗೆ ನೀರು ಬಂತಲ್ಲ ಎನ್ನುತ್ತಾರೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತರುವ ಯೋಜನೆ ಮಾಡಬೇಕಾದ ಸೀಮೆಯಲ್ಲಿ ಕೂತು ಈ ಮಾತೇ!

ಕೊನೆಯ ವಾದ ಭಾಗೀರತಿಯ ಗಂಡ ಮಾದೇವರಾಯನದು: ಅವನು ತಾನಾಗಿ ಕೆರೆಗೆ ಹಾರಿದ, ಅದಕ್ಕೂ ಅಪ್ಪ ಹೊಣೆಯೇ? ಕೆಟ್ಟ ಕನಸು ಕಂಡು ಕುದುರೆ ಏರಿ ಬಂದವನಿಗೆ ಮನೆಯವರು ಹೇಳಿದ್ದು ಸುಳ್ಳು. ಹೆಂಡತಿಯನ್ನು ಹುಡುಕುತ್ತ ಅವನು ಮನೆಮನೆ ಅಲೆದ. ನಿಜ ತಿಳಿದದ್ದು ಗೆಳತಿಯ ಬಾಯಿಂದ. ಹೆತ್ತವರೇ ಕೊಂದಿದ್ದಾರೆಂದು ಕೇಳಿದ ಮೇಲೆ ಅವನು ಮರಳಿ ಯಾವ ಮನೆಗೆ ಹೋಗಬೇಕಿತ್ತು ಎಂಬುದನ್ನು ಗೆಳೆಯರು ಇನ್ನೂ ಹೇಳಿಲ್ಲ.