ಹಸಿರು ದೀಪ ಹೊತ್ತಿದರೆ ಸರ್ವರ್ ಕಲಿತಂತಲ್ಲ

ಬಿಸಿಎ, ಕಂಪ್ಯೂಟರ್ ಸೈನ್ಸ್ ಓದುವವರ ಲ್ಯಾಬಿಗೆ ಒಮ್ಮೆ ಹೋಗಿ ನೋಡಿ. ಕ್ಸಾಂಪ್ ತೆರೆದು ಅಪಾಚೆ ಪಕ್ಕದ ‘ಸ್ಟಾರ್ಟ್’ ಒತ್ತುತ್ತಾರೆ. ಅದು ಹಸಿರಾಗುತ್ತದೆ. ಎಚ್‌ಟಿಡಾಕ್ಸ್ ಫೋಲ್ಡರಿಗೆ ಪಿಎಚ್‌ಪಿ ಫೈಲ್ ಹಾಕಿದರೆ ಬ್ರೌಸರ್‌ನಲ್ಲಿ ಪುಟ ಮೂಡುತ್ತದೆ. ರೆಕಾರ್ಡಿಗೆ ಸಹಿ ಬೀಳುತ್ತದೆ. ಆ ಫೈಲನ್ನು ಓಡಿಸಿದ್ದು ಯಾರು, ಯಾವ ಯೂಸರ್ ಹೆಸರಿನಲ್ಲಿ, ಕಾನ್ಫಿಗರೇಷನ್‌ನ ಯಾವ ಸಾಲಿನ ಅಪ್ಪಣೆಯಿಂದ ಎಂದು ವೈವಾದಲ್ಲಿ ಕೇಳಿದರೆ ಮಾತ್ರ ಮೌನ. ತಪ್ಪು ವಿದ್ಯಾರ್ಥಿಗಳದ್ದಲ್ಲ, ಅದನ್ನು ಯಾರೂ ಹೇಳಿಕೊಟ್ಟೇ ಇರುವುದಿಲ್ಲ.

ಇದು ಕೇವಲ ಪರೀಕ್ಷೆಯ ಅಂಕದ ಪ್ರಶ್ನೆಯಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ನಮ್ಮಲ್ಲಿ ಅನೇಕರು ಪದವಿ ಮುಗಿಯುವ ಮೊದಲೇ ಊರಿನ ಟ್ಯೂಷನ್ ಸೆಂಟರಿಗೋ ಸಹಕಾರ ಸಂಘಕ್ಕೋ ವೆಬ್‌ಸೈಟ್ ಮಾಡಿಕೊಡುತ್ತಾರೆ. ಅಲ್ಲಿ ಇರುವುದು ನಿಜವಾದ ಜನರ ಫೋನ್ ನಂಬರ್, ಆಧಾರ್ ಪ್ರತಿ, ಶುಲ್ಕದ ರಸೀದಿ.

ಸರ್ವರ್ ಒಳಗೆ ನಡೆಯುವುದನ್ನು ದರ್ಶಿನಿ ಹೋಟೆಲ್‌ಗೆ ಹೋಲಿಸಬಹುದು. ಕ್ಯಾಷ್ ಕೌಂಟರ್‌ನಲ್ಲಿ ಟೋಕನ್ ತೆಗೆದುಕೊಂಡರೆ ದೋಸೆಯದು ದೋಸೆ ಭಟ್ಟರ ಬಳಿಗೆ, ಕಾಫಿಯದು ಕಾಫಿ ಕೌಂಟರಿಗೆ ಹೋಗುತ್ತದೆ. ಯಾವ ಫೈಲನ್ನು ಯಾರ ಕೈಗೆ ಕೊಡಬೇಕು ಎಂದು ಸರ್ವರಿಗೆ ತಿಳಿಸುವ ವ್ಯವಸ್ಥೆಯೇ ಹ್ಯಾಂಡ್ಲರ್. 1993ರಲ್ಲಿ ಬಂದ ಸಿಜಿಐ ಪದ್ಧತಿ ಪ್ರತಿ ಟೋಕನ್ನಿಗೂ ಹೊಸ ಭಟ್ಟರನ್ನು ಕರೆಸಿ, ಕೆಲಸ ಮುಗಿದೊಡನೆ ಮನೆಗೆ ಕಳಿಸಿದಂತೆ. ಮಾಡ್ ಪಿಎಚ್‌ಪಿಯಲ್ಲಿ ಕ್ಯಾಷ್ ಕೌಂಟರಿನವರೇ ದೋಸೆಯನ್ನೂ ಹುಯ್ಯುತ್ತಾರೆ. 2010ರಲ್ಲಿ ಪಿಎಚ್‌ಪಿ 5.3.3ರ ಜೊತೆ ಸೇರಿದ ಎಫ್‌ಪಿಎಂನಲ್ಲಿ ಭಟ್ಟರು ಪ್ರತ್ಯೇಕ ಅಡುಗೆಮನೆಯಲ್ಲಿ ಸದಾ ಸಿದ್ಧರಿರುತ್ತಾರೆ.

ಟೋಕನ್ ತಲುಪಬೇಕಾದಲ್ಲಿಗೆ ತಲುಪದಿದ್ದರೆ? ದೋಸೆಯ ಬದಲು ಮಸಾಲೆಯ ಗುಟ್ಟು ಬರೆದಿಟ್ಟ ಚೀಟಿಯೇ ಗಿರಾಕಿಯ ಕೈಗೆ ಸಿಗುತ್ತದೆ. ಪಿಎಚ್‌ಪಿಗೆ ಹ್ಯಾಂಡ್ಲರ್ ಗೊತ್ತುಮಾಡದ ಸರ್ವರ್, ಕೋಡನ್ನು ಓಡಿಸದೆ ಹಾಗೇ ಕಳಿಸಿಬಿಡುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಅದರೊಳಗಿದ್ದರೆ ಅದೂ ಹೋಯಿತು. ಕೋಡ್ ಹೀಗೆ ಹೊರಬೀಳುವುದು ಬರೀ ಕಲ್ಪನೆಯಲ್ಲ. 2007ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಪುಟದ ಪಿಎಚ್‌ಪಿ ಕೋಡ್ ಕೆಲವು ಬಳಕೆದಾರರಿಗೆ ಕಾಣಿಸಿತ್ತು. ಒಂದು ಸರ್ವರಿನ ಕಾನ್ಫಿಗರೇಷನ್ ತಪ್ಪಿದ್ದೇ ಕಾರಣ ಎಂದು ಕಂಪನಿಯೇ ಹೇಳಿತು.

ಇನ್ನೊಂದು ಅಪಾಯ ಇದಕ್ಕೆ ತದ್ವಿರುದ್ಧ: ಓಡಬಾರದ ಫೈಲ್ ಓಡುವುದು. ಅಪಾಚೆಯಲ್ಲಿ ‘ಆ್ಯಡ್‌ಹ್ಯಾಂಡ್ಲರ್’ ಎಂಬ ಒಂದೇ ಸಾಲಿನಲ್ಲಿ ಡಾಟ್ ಪಿಎಚ್‌ಪಿ ಎಂದು ಬರೆದು ಮುಗಿಸುವವರಿದ್ದಾರೆ. ಆದರೆ ಅಪಾಚೆ ಹೆಸರಿನ ಕೊನೆಯ ಭಾಗವನ್ನಷ್ಟೇ ನೋಡುವುದಿಲ್ಲ, ನಡುವಿನದನ್ನೂ ನೋಡುತ್ತದೆ. ‘ಫೋಟೊ ಡಾಟ್ ಪಿಎಚ್‌ಪಿ ಡಾಟ್ ಜೆಪಿಜಿ’ ಎಂಬ ಹೆಸರಿನ ಫೈಲನ್ನು ಯಾರಾದರೂ ಅಪ್‌ಲೋಡ್ ಮಾಡಿದರೆ, ನಮ್ಮ ಫಾರ್ಮ್ ಅದನ್ನು ಚಿತ್ರವೆಂದು ಒಪ್ಪಿಕೊಂಡರೂ ಸರ್ವರ್ ಅದನ್ನು ಸ್ಕ್ರಿಪ್ಟ್ ಎಂದು ಓಡಿಸಬಹುದು. ಪರಿಹಾರ ಕಷ್ಟವಲ್ಲ. ಫೈಲ್ಸ್‌ಮ್ಯಾಚ್ ಬಳಸಿ, ಹೆಸರು ಪಿಎಚ್‌ಪಿ ಎಂದೇ ಕೊನೆಯಾದರೆ ಮಾತ್ರ ‘ಸೆಟ್‌ಹ್ಯಾಂಡ್ಲರ್’ ಅನ್ವಯಿಸುವಂತೆ ಬರೆಯಬೇಕು. ಅಪ್‌ಲೋಡ್ ಫೋಲ್ಡರಿನಲ್ಲಿ ಯಾವ ಸ್ಕ್ರಿಪ್ಟೂ ಓಡದಂತೆ ತಡೆಯಬೇಕು.

ಮೂರನೆಯದು, ಲ್ಯಾಬಿನ ಕ್ಸಾಂಪ್‌ಗೇ ಸಂಬಂಧಿಸಿದ್ದು. ಪಿಎಚ್‌ಪಿಯನ್ನು ಸಿಜಿಐ ಮೂಲಕ ಓಡಿಸಿದರೆ, ವೆಬ್ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆದದ್ದು ಪಿಎಚ್‌ಪಿಗೇ ಆಜ್ಞೆಯಾಗಿ ತಲುಪಬಹುದು ಎಂಬ ದೋಷ 2012ರಲ್ಲಿ ಬಯಲಾಯಿತು. ಅದಕ್ಕೆ ಬೀಗ ಹಾಕಲಾಯಿತು. ಹನ್ನೆರಡು ವರ್ಷಗಳ ನಂತರ, 2024ರ ಜೂನ್‌ನಲ್ಲಿ, ಚೀನಿ ಅಥವಾ ಜಪಾನಿ ಭಾಷೆಗೆ ಹೊಂದಿಸಿದ ವಿಂಡೋಸ್‌ನಲ್ಲಿ ಒಂದು ಅಕ್ಷರ ಹೈಫನ್ ಆಗಿ ಬದಲಾಗಿ ಆ ಬೀಗವನ್ನು ತೆರೆಯುತ್ತದೆ ಎಂದು ಸಂಶೋಧಕರು ತೋರಿಸಿದರು. ವಿಂಡೋಸ್‌ನ ಕ್ಸಾಂಪ್ ತನ್ನ ಕಾನ್ಫಿಗರೇಷನ್‌ನಲ್ಲೇ ಸಿಜಿಐ ಬಾಗಿಲನ್ನು ತೆರೆದಿಟ್ಟಿದ್ದರಿಂದ ಅದೂ ಅಪಾಯದ ಪಟ್ಟಿಗೆ ಸೇರಿತು. ನಾವು ಬಳಸದ, ಇದೆ ಎಂದೇ ಗೊತ್ತಿಲ್ಲದ ಬಾಗಿಲು ಅದು! ಕ್ಸಾಂಪ್ ಕಲಿಕೆಗೆ ಮಾತ್ರ, ಜನ ಬಳಸುವ ಸೈಟಿಗಲ್ಲ ಎಂದು ಅದನ್ನು ರೂಪಿಸಿದವರೇ ಹೇಳುತ್ತಾರೆ. ಅದನ್ನು ಓದುವವರು ಎಷ್ಟು ಮಂದಿ?

‘ಈಗೆಲ್ಲ ಕ್ಲೌಡ್ ಕಾಲ, ಹೋಸ್ಟಿಂಗ್ ಕಂಪನಿಯವರೇ ನೋಡಿಕೊಳ್ಳುತ್ತಾರೆ’ ಎಂಬ ವಾದ ಇದೆ. ಒಪ್ಪೋಣ, ಎಷ್ಟೋ ಕೆಲಸ ಅವರದ್ದೇ. ಆದರೆ ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದ ಮೇಲೆ ಹಲವು ಸೈಟುಗಳಿರುತ್ತವೆ. ಮಾಡ್ ಪಿಎಚ್‌ಪಿಯಾದರೆ ಎಲ್ಲವೂ ಸಾಮಾನ್ಯವಾಗಿ ಒಂದೇ ಯೂಸರ್ ಹೆಸರಿನಲ್ಲಿ ಓಡುತ್ತವೆ. ಪಕ್ಕದ ಮನೆಗೆ ನುಗ್ಗಿದ ಕಳ್ಳ ನಮ್ಮ ಮನೆಗೂ ಬರಬಹುದು. ಎಫ್‌ಪಿಎಂನಲ್ಲಿ ಪ್ರತಿ ಸೈಟಿಗೂ ಬೇರೆ ಪೂಲ್, ಬೇರೆ ಯೂಸರ್ ಕೊಡಬಹುದು. ಹೋಸ್ಟಿಂಗ್ ಕೊಳ್ಳುವಾಗ ‘ನಮ್ಮ ಸ್ಕ್ರಿಪ್ಟ್ ಯಾರ ಹೆಸರಿನಲ್ಲಿ ಓಡುತ್ತದೆ?’ ಎಂದು ಕೇಳಲು ವಿಷಯ ಗೊತ್ತಿರಬೇಕಲ್ಲವೇ?

ಇದಕ್ಕೆ ಹೊಸ ಪಠ್ಯಕ್ರಮವೇನೂ ಬೇಡ, ಒಂದೆರಡು ಲ್ಯಾಬ್ ಸಾಕು. ಒಂದೇ ಪಿಎಚ್‌ಪಿ ಫೈಲನ್ನು ಸಿಜಿಐ, ಮಾಡ್ ಪಿಎಚ್‌ಪಿ, ಎಫ್‌ಪಿಎಂ ಮೂರರಲ್ಲೂ ಓಡಿಸಲಿ. ಪ್ರತಿ ಸಲವೂ ಯೂಸರ್ ಹೆಸರನ್ನು ರೆಕಾರ್ಡಿನಲ್ಲಿ ಬರೆಯಲಿ. ಬಳಿಕ ಹ್ಯಾಂಡ್ಲರ್ ಸಾಲನ್ನು ಅಳಿಸಿ ಪುಟವನ್ನು ಮತ್ತೆ ತೆರೆಯಲಿ. ತಾನು ಬರೆದ ಪಾಸ್‌ವರ್ಡ್ ತೆರೆಯ ಮೇಲೆ ಬಯಲಾಗುವುದನ್ನು ಕಂಡ ವಿದ್ಯಾರ್ಥಿಗೆ ಸುರಕ್ಷತೆಯ ಮೇಲೆ ಬೇರೆ ಉಪನ್ಯಾಸ ಬೇಕಾಗಲಿಕ್ಕಿಲ್ಲ.

ಉಪನ್ಯಾಸಕರಿಗೆ ಕಾಯಬೇಕೆಂದೂ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡರೆ ಒಂದು ಭಾನುವಾರದಲ್ಲಿ ಇಷ್ಟನ್ನೂ ಮಾಡಬಹುದು. ಜನ ನಂಬಿ ಕೊಟ್ಟ ಮಾಹಿತಿಯನ್ನು ಕಾಯುವ ಕೆಲಸ ನಾಳೆ ನಮ್ಮದೇ. ಬೀಗ ಎಲ್ಲಿದೆ ಎಂಬುದಾದರೂ ನಮಗೆ ತಿಳಿದಿರಲಿ.