ಗೃಹಕೃತ್ಯ: ಮನೆಗೆ ಮರಳುವವರು ಇಬ್ಬರು

ನಮ್ಮ ವಾಚಕ ಸೋದರಿಯೊಬ್ಬರು ಹೀಗೆ ಬರೆದು ಕೇಳಿರುವರು: ತಮ್ಮ ಮೈದುನನಿಗೆ ಆತನ ಪತ್ನಿಯೇ ತನ್ನದೊಂದು ಮೂತ್ರಪಿಂಡವನ್ನು ಕೊಟ್ಟಿರುವಳು, ಶಸ್ತ್ರಚಿಕಿತ್ಸೆಯು ಸಾಂಗವಾಗಿ ನೆರವೇರಿರುವುದು, ಕೆಲವೇ ದಿನಗಳಲ್ಲಿ ಅವನನ್ನು ಮನೆಗೆ ಕಳುಹಿಸುವರಂತೆ, ಮನೆಯನ್ನು ಹೇಗೆ ಅಣಿಮಾಡಬೇಕು?

1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೆಯವರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕೂಡಿಸಿ ಜಯಶಾಲಿಗಳಾದರು. ಆ ಅವಳಿಗಳ ದೇಹಗಳು ಒಂದೇ ಬಗೆಯವಾದುದರಿಂದ ಹೊಸ ಅಂಗವು ಪರಕೀಯವೆನಿಸಲಿಲ್ಲ. ಉಳಿದವರ ವಿಷಯ ಹಾಗಲ್ಲ. ಅರ್ಧಾಂಗಿಯೇ ಕೊಟ್ಟ ಅಂಗವಾದರೂ ದೇಹವು ಅದನ್ನು ಹಗೆಯೆಂದೇ ಬಗೆಯುವುದು. ಆದಕಾರಣ ಟ್ಯಾಕ್ರೊಲಿಮಸ್ ಮೊದಲಾದ ಔಷಧಗಳಿಂದ ದೇಹದ ಕಾವಲನ್ನು ತಗ್ಗಿಸಿಡುವರು. ದೇಹದ ಕಾವಲು ತಗ್ಗಿದಾಗ ಮನೆಯೇ ಕಾವಲಾಗತಕ್ಕದ್ದು. ಮೊದಲ ಕೆಲವು ತಿಂಗಳುಗಳಲ್ಲಂತೂ ಈ ಎಚ್ಚರ ಬಹಳವಾಗಿರಬೇಕು.

ಗಾಳಿ ಬೆಳಕುಳ್ಳ ಒಂದು ಕೋಣೆಯನ್ನು ಪ್ರತ್ಯೇಕವಾಗಿಡಿರಿ. ಗೋಡೆಯ ತೇವವನ್ನೂ ಬೂಷ್ಟನ್ನೂ ತೆಗೆಯಿಸಿ, ಸುಣ್ಣಬಣ್ಣದ ಕೆಲಸವೇನಿದ್ದರೂ ರೋಗಿಯು ಬರುವ ಮೊದಲೇ ಮುಗಿಸಿರಿ. ಆ ಧೂಳಿನಲ್ಲಿ ಬೂಷ್ಟಿನ ಕಣಗಳಿರುವುವು. ಹೂವಿನ ಕುಂಡಗಳೂ ಹಳೆಯ ಗೋಣಿಚೀಲಗಳೂ ಆ ಕೋಣೆಯಲ್ಲಿರಕೂಡದು. ಕಿಟಕಿಯಲ್ಲಿ ಪಾರಿವಾಳಗಳು ಕೂರದಂತೆ ನೋಡಿಕೊಳ್ಳಿರಿ. ನೆಲವನ್ನು ಧೂಳೆದ್ದು ಹರಡುವಂತೆ ಗುಡಿಸುವುದಕ್ಕಿಂತ ಒದ್ದೆಬಟ್ಟೆಯಿಂದ ಒರಸುವುದು ಮೇಲು.

ಕುಡಿಯುವ ನೀರು ಕುದಿಸಿ ಆರಿಸಿದ್ದಾಗಿರಲಿ. ಅಡುಗೆಯನ್ನು ಆಗಿಂದಾಗ ಮಾಡಿ ಬಿಸಿಯಾಗಿ ಬಡಿಸಿರಿ. ಹಸಿ ಕೋಸಂಬರಿ, ಮೊಳಕೆಕಾಳು, ಕಾಯಿಸದ ಹಾಲು, ಹೊರಗೆ ಹೆಚ್ಚಿಟ್ಟ ಹಣ್ಣು ಇವು ಬೇಡ. ದೇವಾಲಯದ ತೀರ್ಥವನ್ನು ತಲೆಗೆ ಪ್ರೋಕ್ಷಿಸಿದರೆ ಸಾಕು. ಭಕ್ತಿಗೆ ಅದರಿಂದ ಕೊರತೆಯಾಗದು. ದೇವನಹಳ್ಳಿಯ ಚಕ್ಕೋತವು ಎಷ್ಟು ರುಚಿಕರವಾದರೂ ಅದನ್ನು ಕೊಡಲೇಬಾರದು. ಅದು ರಕ್ತದಲ್ಲಿ ಈ ಔಷಧದ ಪ್ರಮಾಣವನ್ನು ಅಪಾಯಕರವಾಗಿ ಏರಿಸಬಲ್ಲುದು. ಹಿತೈಷಿಗಳು ಹೇಳುವ ಕಷಾಯ ಲೇಹ್ಯಗಳನ್ನೂ ವೈದ್ಯರನ್ನು ಕೇಳದೆ ಕೊಡಕೂಡದು.

ಔಷಧವನ್ನು 12 ಗಂಟೆಗೊಮ್ಮೆ ಎಂದಿದ್ದರೆ ಗಡಿಯಾರ ನೋಡಿಯೇ ಕೊಡಬೇಕು. ಔಷಧದ ಪ್ರಮಾಣವನ್ನು ತಿಳಿಯಲು ರಕ್ತಪರೀಕ್ಷೆಯಿರುವ ದಿನ ಮಾತ್ರ, ರಕ್ತ ತೆಗೆದ ಬಳಿಕವೇ ಬೆಳಗಿನ ಔಷಧ. ಒಂದು ಪುಸ್ತಕದಲ್ಲಿ ತೂಕ, ರಕ್ತದೊತ್ತಡ, ದೇಹದ ಶಾಖಗಳನ್ನು ನಿತ್ಯವೂ ಬರೆದಿಡಿರಿ. ಶಾಖವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡುತ್ತ ಕೂಡದೆ ಒಡನೆಯೇ ಆಸ್ಪತ್ರೆಗೆ ತಿಳಿಸಿರಿ. ನೋಡಬರುವ ಬಂಧುಗಳಿಗೆ ಜಗಲಿಯಲ್ಲಿಯೇ ಆದರದಿಂದ ಕಾಫಿ ಕೊಟ್ಟು ಕಳುಹಿಸಿರಿ. ಕೆಮ್ಮು ನೆಗಡಿಯವರನ್ನು ಒಳಗೆ ಬಿಡಬೇಡಿರಿ.

ಇಷ್ಟೆಲ್ಲ ಹೇಳಿಯೂ ಮುಖ್ಯವಾದ ಮಾತೊಂದು ಉಳಿದಿದೆ. ಸೋದರಿಯ ಪತ್ರದಲ್ಲಿ “ಅವನನ್ನು ಮನೆಗೆ ಕಳುಹಿಸುವರು” ಎಂದಿದೆ. ಅಂಗವನ್ನು ಕೊಟ್ಟಾಕೆಯ ವಿಷಯವಾಗಿ ಮುಂದೆ ಒಂದಕ್ಷರವೂ ಇಲ್ಲ. ದಾನಿಗಳನ್ನು ಸಾಮಾನ್ಯವಾಗಿ ಮೊದಲೇ ಮನೆಗೆ ಕಳುಹಿಸುವುದುಂಟು. ಹಾಗಾದರೆ ಆಕೆ ಈಗ ಎಲ್ಲಿರುವಳು? ಒಲೆಯ ಮುಂದೆ ನಿಂತು ಗಂಡನಿಗಾಗಿ ನೀರು ಕುದಿಸುತ್ತಿರುವಳೋ? ಆಕೆಯೂ ಶಸ್ತ್ರಚಿಕಿತ್ಸೆಗೆ ಒಳಗಾದವಳು. ಸುಮಾರು ಆರು ವಾರಗಳು ತುಂಬಿದ ಕೊಡವನ್ನಾಗಲಿ ಅಕ್ಕಿಯ ಚೀಲವನ್ನಾಗಲಿ ಆಕೆ ಎತ್ತಕೂಡದು. ಒಂದೇ ಮೂತ್ರಪಿಂಡದಿಂದ ಆರೋಗ್ಯವಾಗಿ ಬಾಳಬಹುದು, ನಿಜ. ಆದರೆ ವರ್ಷಕ್ಕೊಮ್ಮೆ ರಕ್ತದೊತ್ತಡ, ರಕ್ತ, ಮೂತ್ರಗಳ ಪರೀಕ್ಷೆಯನ್ನು ಆಕೆ ತಪ್ಪಿಸಬಾರದು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ತನಗೇನಾಗಿದೆಯೆಂದು ಆಕೆ ತಾನಾಗಿ ಹೇಳಲಾರಳು. ನಮ್ಮ ಮನೆಗಳ ಹೆಂಗಸರ ಪದ್ಧತಿಯೇ ಹಾಗೆ.

ಆದುದರಿಂದ, ಸೋದರಿ, ಎರಡು ಹಾಸಿಗೆಗಳನ್ನು ಹಾಸಿರಿ. ಅಡುಗೆಮನೆಯ ಭಾರವನ್ನು ನೀವೂ ಮನೆಯ ಗಂಡಸರೂ ಹಂಚಿಕೊಳ್ಳಿರಿ. ಬಂದವರೆಲ್ಲ ಮೈದುನನ ಕ್ಷೇಮವನ್ನು ಕೇಳುವರು. ಓರಗಿತ್ತಿಯ ಬಳಿಗೆ ಹೋಗಿ “ನಿನಗೆ ಹೇಗಿದೆಯಮ್ಮ?” ಎಂದು ಕೇಳುವ ಕೆಲಸ ನಿಮ್ಮದಾಗಲಿ.