ಬಣ್ಣ ಬಳಿದರೆ ಡೆಕ್ಕು ಗಟ್ಟಿಯಾದೀತೇ?

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಧಕ್ಕೆಯಲ್ಲಿ ರಿಪೇರಿ ಗಡಿಬಿಡಿ ಆಗಲೇ. ಆಗಸ್ಟ್ ಬಂತೆಂದರೆ ಬೋಟುಗಳೆಲ್ಲ ಹೊಸ ಬಣ್ಣದಲ್ಲಿ ಮದುಮಗಳ ಹಾಗೆ ಮಿಂಚುತ್ತವೆ. ಸಂತೋಷ. ಆದರೆ ಹಳೆಯ ಫೈಬರ್ ಬೋಟಿನ ಮೇಲೆ ನಡೆದಾಗ ಕಾಲಡಿ ಮೆತ್ತಗೆ ತಗ್ಗಿದರೆ, ಆ ಮಿಂಚನ್ನು ನಂಬಬೇಡಿ ಮಾರಾಯ್ರೇ!

ಎಷ್ಟೋ ಫೈಬರ್ ಬೋಟುಗಳ ಡೆಕ್ಕು ಪೂರಾ ಫೈಬರ್ ಅಲ್ಲ. ಮೇಲೊಂದು, ಕೆಳಗೊಂದು ಫೈಬರ್ ಪದರ, ನಡುವೆ ಪ್ಲೈವುಡ್. ಅಂಗಡಿಗೆ ಸರಕು ಬರುವ ರಟ್ಟಿನ ಪೆಟ್ಟಿಗೆ ನೋಡಿದ್ದೀರಲ್ಲ? ಒಣಗಿದ್ದರೆ ಎಷ್ಟು ಭಾರವನ್ನೂ ತಡೆಯುತ್ತದೆ, ನೀರು ಕುಡಿದರೆ ಕೈಯಲ್ಲೇ ಹರಿದು ಬರುತ್ತದೆ. ಇದೂ ಹಾಗೆಯೇ. ಕಟ್ಟುವ ರೀತಿಯಲ್ಲೇನೂ ತಪ್ಪಿಲ್ಲ. ಗೋವಾದಲ್ಲಿ ಮರದ ತಿರುಳಿಗೆ ಫೈಬರ್ ಹೊದಿಸಿ ಕಟ್ಟಿದ ಹಾಯಿದೋಣಿ 'ತಾರಿಣಿ' 2017-18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರನ್ನು ಹೊತ್ತು ಭೂಮಿಗೇ ಸುತ್ತು ಹಾಕಿ ಬಂತು. ಕೆಡಿಸುವುದು ನೀರು. ವಿಂಚಿನ, ಕಂಬಿಯ ಬೋಲ್ಟಿನ ತೂತಿನಿಂದ ಹನಿಹನಿಯಾಗಿ ಇಳಿದು, ಹೊರಬರಲು ದಾರಿಯಿಲ್ಲದೆ ಒಳಗೇ ಕೂತು ಮರವನ್ನು ಕೊಳೆಸುತ್ತದೆ.

ಇದಕ್ಕೆ ಸುಲಭದ ಮದ್ದು ಅಂತ ಮಾಡುವುದೇನು? ಮೆತ್ತಗಾದ ಕಡೆ ಮೇಲೆ ಇನ್ನೊಂದು ಪದರ ಫೈಬರ್, ಅದರ ಮೇಲೆ ಬಣ್ಣ. ಕೀವು ತೆಗೆಯದೆ ಹುಣ್ಣಿಗೆ ಪಟ್ಟಿ ಕಟ್ಟಿದ ಹಾಗೆ. ಒಳಗಿನ ಕೊಳೆ ಹಬ್ಬುತ್ತಲೇ ಹೋಗುತ್ತದೆ. ಬಲೆ ಎಳೆಯುವಾಗ ವಿಂಚೇ ಬುಡಸಮೇತ ಕಿತ್ತು ಬಂದರೆ ಪಕ್ಕದಲ್ಲಿ ನಿಂತವನ ಗತಿ?

ಸರಿಯಾದ ದಾರಿ ಇದೆ. ಸಣ್ಣ ಸುತ್ತಿಗೆಯಿಂದ ಡೆಕ್ಕು ತಟ್ಟಿ ನೋಡಬೇಕು. ಗಟ್ಟಿ ಇದ್ದಲ್ಲಿ 'ಟಣ್', ಕೊಳೆತಲ್ಲಿ 'ದಬ್'. ದಬ್ ಎಂದ ಜಾಗದ ಮೇಲಿನ ಪದರ ಕೊಯ್ದು, ಒಣಮರ ಸಿಗುವವರೆಗೂ ಕೊಳೆತದ್ದನ್ನು ಕೆರೆದು ತೆಗೆಯಬೇಕು. ಚೆನ್ನಾಗಿ ಒಣಗಿದ ಮೇಲೆ ಹೊಸ ಮರೈನ್ ಪ್ಲೈವುಡ್ ಕೂರಿಸಿ, ಅಂಚು ದಾಟುವಂತೆ ಫೈಬರ್ ಹೊದಿಸಬೇಕು. ಬೋಲ್ಟಿನ ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ನಂತರ ಅದರ ನಡುವೆ ಹೊಸ ತೂತು ಕೊರೆಯಬೇಕು. ಮತ್ತೆ ನೀರು ಮರ ಮುಟ್ಟದು.

ಮಾಲೀಕರ ಕಷ್ಟವೂ ಸುಳ್ಳಲ್ಲ. ಕೈಗೆ ಸಿಗುವ ಬಿಡುವು ಎರಡೇ ತಿಂಗಳು, ಅದೂ ಜಡಿಮಳೆ. ಒದ್ದೆ ಮರಕ್ಕೆ ರೆಸಿನ್ ಹಿಡಿಯದು. ಟಾರ್ಪಾಲಿನಡಿ ಮರ ಒಣಗುವುದು ಯಾವಾಗ? ಆದ್ದರಿಂದ ಮಾಲೀಕರು ಮೇ ತಿಂಗಳಲ್ಲೇ ಡೆಕ್ಕು ತಟ್ಟಿ ಗುರುತು ಹಾಕಿಡಲಿ. ಮೀನುಗಾರಿಕೆ ಇಲಾಖೆಯವರು ಧಕ್ಕೆಯ ಹತ್ತಿರ ಗಾಳಿ-ಬಿಸಿ ಕೊಟ್ಟು ಒಣಗಿಸುವಂಥ ಭದ್ರ ಸೂರು ಕಟ್ಟಿ, ಸರದಿಯ ಮೇಲೆ ಬಾಡಿಗೆಗೆ ಕೊಡಲಿ.

ಇದು ಬರೀ ಮೀನುಗಾರರ ತಲೆನೋವು ಅಂದುಕೊಳ್ಳಬೇಡಿ. ಬೋಟು ದಡದಲ್ಲಿ ಕೂತರೆ ಪೇಟೆಯ ಉದ್ರಿ ಲೆಕ್ಕವೂ ಕೂತ ಹಾಗೆಯೇ. ಬರುವ ಜೂನಿನೊಳಗೆ ಆ ಸೂರು ಏಳುತ್ತದೆಯೇ? ಸಂಬಂಧಪಟ್ಟವರು ಉತ್ತರ ಕೊಡಲಿ.